ಹಾಕದೆ ಉಳಿದ ಕಾಗದ

ಹನ್ನೊಂದನೆಯ ವಯಸ್ಸಿನಲ್ಲಿ ಒಬ್ಬ ಅಜ್ಜಿಗೆ ಒಂದು ಮಾತು ಕೊಟ್ಟಿದ್ದೆ. ನಡೆಸಲಿಲ್ಲ. ಅದು ಈಗ ಮತ್ತೆ ಎದ್ದು ಬಂದು ಎದುರು ಕೂತಿದೆ.

ಎಪ್ಪತ್ತರ ದಶಕ. ತುರುವೇಕೆರೆ ತಾಲೂಕಿನ ನಮ್ಮೂರಿನಲ್ಲಿ ಇಳಿಸಿದ ಕಾಯಿಯನ್ನು ಹಸಿಯಾಗಿ ಮಾರುವವರು ಕಡಿಮೆ. ಅಟ್ಟಕ್ಕೆ ಏರಿಸುವುದೇ ರೂಢಿ. ಹತ್ತು ಹನ್ನೊಂದು ತಿಂಗಳು ಕಾಯಿ ಅಲ್ಲೇ ಕೂತಿರುತ್ತದೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗಿಟುಕು ಒಳಗೆ ಲೊಟಲೊಟ ಅಂದರೆ ಆಗ ಇಳಿಸುವುದು. ಆಮೇಲೆ ಸುಲಿಯುವವರು, ಚಿಪ್ಪು ಒಡೆಯುವವರು ಬರುತ್ತಿದ್ದರು. ಉಂಡೆ ಕೊಬ್ಬರಿ ಚೀಲಕ್ಕೆ ತುಂಬಿಸಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೋದ ಅಪ್ಪ, ಬರುವಾಗ ಚಂದಮಾಮ ತರುತ್ತಿದ್ದರು.

ಚಿಪ್ಪು ಒಡೆಯಲು ಬರುತ್ತಿದ್ದವರಲ್ಲಿ ಆ ಅಜ್ಜಿಯೂ ಒಬ್ಬರು. ಅಕ್ಷರ ಬಾರದು. ಚಿಪ್ಪಿಗೆ ಏಟು ಬಿದ್ದರೂ ಒಳಗಿನ ಗಿಟುಕಿಗೆ ಗಾಯವಾಗದಂತೆ ಒಡೆಯುವುದು ಆ ಕೈಗಳಿಗೆ ಬರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಧಾರಾವಾಹಿ ಓದುತ್ತಿದ್ದೆ. ಆಗ ಬರುತ್ತಿದ್ದದ್ದು ಯಕ್ಷಪರ್ವತ. ಖಡ್ಗವರ್ಮ, ಜೀವದತ್ತ ಎಂಬ ಇಬ್ಬರು ಗೆಳೆಯರು. ಕಾಡು, ಮಾಂತ್ರಿಕರು, ವಿಚಿತ್ರ ಪ್ರಾಣಿಗಳು. ಪ್ರತಿ ಕಂತೂ ಅವರನ್ನು ಯಾವುದೋ ಗಂಡಾಂತರದ ಬಾಯಿಗೆ ತಂದು ನಿಲ್ಲಿಸಿ ಮುಗಿಯುತ್ತಿತ್ತು. ಒಂದು ದಿನ ಹಾಗೆ ಮುಗಿದಾಗ ಅಜ್ಜಿಯ ಕೈ ನಿಂತಿತು.

“ಮಗ, ಅದ್ನ ಬರ್ದೋರ್ಗೆ ಒಂದ್ ಕಾಗ್ದ ಹಾಕು. ಆ ಹುಡುಗ್ರುನ್ನ ಸಾಯ್ಸ್‌ಬ್ಯಾಡಿ ಅಂತ ಯೋಳು. ಅವ್ರೂ ಯಾರೋ ಹೆತ್ತ ಮಕ್ಳು.”

ಹಾಕ್ತೀನಿ ಅಂದೆ. ಮನೆಯಲ್ಲಿ ಒಂದು ಕಾರ್ಡೂ ಇತ್ತು. ಆದರೆ ಚಂದಮಾಮದಲ್ಲಿ ತಿಂಗಳು ತಿಂಗಳೂ ಎರಡು ಫೋಟೋ ಹಾಕಿ ಅದಕ್ಕೊಪ್ಪುವ ಮಾತು ಬರೆದು ಕಳಿಸಿ ಎನ್ನುತ್ತಿದ್ದರು. ಗೆದ್ದವರ ಹೆಸರು, ಊರು ಅಚ್ಚಾಗುತ್ತಿತ್ತು. ನನ್ನ ಹೆಸರು ಅಚ್ಚಿನಲ್ಲಿ ನೋಡುವ ಆಸೆಗೆ ಆ ಕಾರ್ಡನ್ನು ಅದಕ್ಕೇ ಖರ್ಚು ಮಾಡಿದೆ. ಹೆಸರು ಬರಲಿಲ್ಲ. ಅಜ್ಜಿ ಕೇಳಿದಾಗ, “ಹಾಕಿದೀನಿ” ಅಂದೆ. ಆ ಮುಖದಲ್ಲಿ ಮೂಡಿದ ಸಮಾಧಾನವನ್ನು ಇವತ್ತಿಗೂ ಮರೆಯಲಾಗಿಲ್ಲ.

ಹಾಕಿದ್ದರೂ ಯಾರ ಹೆಸರಿಗೆ ಹಾಕುತ್ತಿದ್ದೆ? ಮದ್ರಾಸಿನಲ್ಲಿ 1947ರ ಜುಲೈಯಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಅವರು ತೆಲುಗು, ತಮಿಳುಗಳಲ್ಲಿ ಶುರುಮಾಡಿದ ಪತ್ರಿಕೆ ಚಂದಮಾಮ. 1949ರಲ್ಲಿ ಕನ್ನಡಕ್ಕೂ ಬಂತು. ಅದರ ಧಾರಾವಾಹಿಗಳ ಮೇಲೆ ಬರೆದವರ ಹೆಸರೇ ಇರುತ್ತಿರಲಿಲ್ಲ. ಅವು ದಾಸರಿ ಸುಬ್ರಹ್ಮಣ್ಯಂ ಅವರವು ಎಂದು ನನಗೆ ಗೊತ್ತಾದದ್ದು ತಲೆ ನರೆತ ಮೇಲೆ. 1952ರಲ್ಲಿ ಚಂದಮಾಮದ ಕಚೇರಿ ಸೇರಿ, ‘ತೋಕಚುಕ್ಕ’ದಿಂದ ‘ಭಲ್ಲೂಕ ಮಾಂತ್ರಿಕುಡು’ವರೆಗೆ ಒಟ್ಟು 12 ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದರು, ಉಳಿದ ಭಾಷೆಗಳಿಗೆ ಅಲ್ಲಿಂದಲೇ ಹೋಗುತ್ತಿದ್ದವು. ಕನ್ನಡಕ್ಕೆ ತಂದವರ ಹೆಸರೂ ಪುಟದಲ್ಲಿರಲಿಲ್ಲ. 2010ರಲ್ಲಿ ಸುಬ್ರಹ್ಮಣ್ಯಂ ತೀರಿಕೊಂಡರು. ತುರುವೇಕೆರೆ ಸೀಮೆಯ ಅಟ್ಟದ ಕೆಳಗೆ ಒಬ್ಬ ಮುದುಕಿ ಅವರ ಕತೆಯ ಮಕ್ಕಳಿಗಾಗಿ ಕೆಲಸ ನಿಲ್ಲಿಸಿ ಕೂತರು ಎಂಬ ಸುದ್ದಿ ಅವರಿಗೆ ಮುಟ್ಟಲಿಲ್ಲ. ಮುಟ್ಟಿಸಬೇಕಾಗಿದ್ದವನು ನಾನು. ಹೆಸರನ್ನೂ ಬೇಡದೆ ಬರೆದವರಿಗೆ ಸಲ್ಲಬೇಕಾದ ಒಂದೇ ಒಂದು ಸಂಬಳವನ್ನು ನಡುವೆ ತಿಂದುಕೊಂಡೆ ಅನ್ನಿಸುತ್ತದೆ.

ಇದೆಲ್ಲ ಈಗ ನೆನಪಾದದ್ದು ತಮ್ಮನ ಹೆಂಡತಿಯಿಂದ. ಅವರ ಮನೆ ಚಿಕ್ಕನಾಯಕನಹಳ್ಳಿಯಲ್ಲಿ. ರಾತ್ರಿ ಅಡುಗೆಮನೆ ಒರೆಸಿಟ್ಟ ಮೇಲೆ ಫೋನಿನಲ್ಲಿ ಕಾದಂಬರಿ ಬರೆಯುತ್ತಾಳೆ, ವಾರಕ್ಕೊಂದು ಕಂತು. ಪ್ರತಿಲಿಪಿಯಂಥವು ಬಂದ ಮೇಲೆ ಸಣ್ಣ ಊರುಗಳ ಎಷ್ಟೋ ಹೆಣ್ಣುಮಕ್ಕಳು ಹೀಗೆ ಬರೆಯುತ್ತಿದ್ದಾರೆ. ಅವಳು ಎತ್ತಿಕೊಂಡದ್ದು ತನ್ನ ತಾಲೂಕಿನದೇ ಕತೆ: ಮದಲಿಂಗನ ಕಣಿವೆ. ಅತ್ತೆಯ ಮಾತಿಗೆ ಒಪ್ಪಿ ಬೆಟ್ಟವನ್ನು ಹಿಂದುಹಿಂದಾಗಿ ಇಳಿದು ಸತ್ತ ಅಳಿಯನ ಕತೆ ಈ ಸೀಮೆಯವರಿಗೆಲ್ಲ ಗೊತ್ತು. ಅವಳ ಕತೆಯಲ್ಲಿ ಬೆಟ್ಟಕ್ಕೆ ಒಳಗಡೆಯೂ ಒಂದು ಲೋಕವಿದೆ. ಹಿಂದಕ್ಕೆ ಇಡುವ ಒಂದೊಂದು ಹೆಜ್ಜೆಗೂ ಅವನ ಬದುಕಿನ ಒಂದೊಂದು ವರ್ಷ ಅಳಿಸಿಹೋಗುತ್ತದೆ. ಕೊನೆಯ ಹೆಜ್ಜೆಗೆ ಅವನು ಬೀಳಬೇಕು. ಹಾಗೆಂದು ಮೊದಲೇ ನಿರ್ಧರಿಸಿಕೊಂಡಿದ್ದಳು.

ಹೋದ ತಿಂಗಳು ಅವಳ ತಾಯಿಗೆ ಹುಷಾರಿಲ್ಲದೆ ಎರಡು ವಾರ ಕಂತು ತಪ್ಪಿತು. ಓದುಗರು ಬರೆದದ್ದನ್ನು ನನಗೆ ತೋರಿಸಿದಳು. ಬೇಗ ಹಾಕಿ ಎಂದವರು ಹಲವರು. ಅದರಲ್ಲಿ ತಪ್ಪಿಲ್ಲ, ಕತೆಯ ಹಸಿವೇ ಹಾಗೆ. ಆದರೆ, ನಡೆಸಲಾಗದಿದ್ದರೆ ಯಾಕೆ ಶುರು ಮಾಡಿದಿರಿ ಎಂದೂ ಒಬ್ಬರು ಕೇಳಿದ್ದರು. ಓದಿ ನನ್ನ ಮೈ ಉರಿಯಿತು. ಹನ್ನೊಂದು ತಿಂಗಳು ಅಟ್ಟದ ಕಡೆ ಕತ್ತೆತ್ತಿ ನೋಡುತ್ತ ಕಾಯುವ ಜನ ನಾವು. ಹದಿನೈದು ದಿನ ಒಬ್ಬ ಹೆಂಗಸಿಗಾಗಿ ಕಾಯಲಾರೆವೆ? ಬರೆಯುವವಳಿಗೂ ಒಂದು ಮನೆಯಿದೆ, ಆ ಮನೆಯಲ್ಲಿ ಜ್ವರ ಬರುತ್ತದೆ, ಸಾವು ಬರುತ್ತದೆ ಎಂಬುದನ್ನು ಓದುಗ ಮರೆತರೆ ಅವನು ಕೇಳುತ್ತಿರುವುದು ಕತೆಯನ್ನಲ್ಲ, ದುಡಿಮೆಯನ್ನು.

ಆ ಮಾತುಗಳ ನಡುವೆ ಒಂದು ಬೇರೆಯಾಗಿತ್ತು. ಯಾರೋ ಒಬ್ಬಾಕೆ ಬರೆದದ್ದು: “ಇವನನ್ನಾದರೂ ಉಳಿಸಿ ಅಕ್ಕಾ.”

ನಾನು ಅಲ್ಲೇ ನಿಂತೆ. ಇವನನ್ನು ಎಂದಿದ್ದರೆ ಅದು ಕತೆಗೆ ಸೇರಿದ ಮಾತು. ಇವನನ್ನಾದರೂ ಎಂದಾಗ ಉಳಿಯದೆ ಹೋದ ಇನ್ನೊಬ್ಬರು ಅಲ್ಲಿ ಬಂದು ನಿಲ್ಲುತ್ತಾರೆ. ಯಾರು, ಏನು ಎಂದು ಆಕೆ ಹೇಳಿರಲಿಲ್ಲ. ಯಾರೋ ಹೆತ್ತ ಮಕ್ಕಳು ಎಂದ ಅಜ್ಜಿಯೂ ಯಾರನ್ನು ನೆನೆದು ಹಾಗೆಂದರೋ, ನನಗೆ ಕೇಳುವ ಬುದ್ಧಿ ಇರಲಿಲ್ಲ.

“ಏನ್ ಮಾಡ್ಲಿ ಭಾವ?” ಅಂದಳು. “ಉಳಿಸಿದ್ರೆ ಅದು ಮದಲಿಂಗನ ಕತೆ ಆಗಲ್ಲ. ಸಾಯಿಸಿದ್ರೆ ಈಯಮ್ಮನಿಗೆ ಏನು ಹೇಳಲಿ?”

ಓದುಗರ ಒತ್ತಾಯಕ್ಕೆ ಸತ್ತವರು ಎದ್ದು ಬಂದದ್ದುಂಟು. 1893ರಲ್ಲಿ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿದ; ಓದುಗರು ಸುಮ್ಮನಾಗಲಿಲ್ಲ; 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು. ಆದರೆ ನಮ್ಮ ಕಡೆಯ ಕೇಳುಗರ ಅಭ್ಯಾಸ ಬೇರೆ. ಭಾರತದ ವಾಚನದಲ್ಲಿ ಅಭಿಮನ್ಯು ಸಾಯುತ್ತಾನೆಂದು ತಿಳಿದೇ ಜಗಲಿಯಲ್ಲಿ ಬಂದು ಕೂರುತ್ತಿದ್ದರು, ತಿಳಿದೇ ಅಳುತ್ತಿದ್ದರು. ಮದಲಿಂಗನೂ ಹಾಗೇ. ಎಷ್ಟು ತಲೆಮಾರಿನ ಮಕ್ಕಳು ಅವನು ಬೀಳಬಾರದೆಂದು ಅತ್ತಿರಬಹುದು! ಕತೆ ಹೇಳುವ ಹೆಂಗಸರು ಅವನನ್ನು ಉಳಿಸಲಿಲ್ಲ. ನಮ್ಮ ಅವ್ವ ಹೇಳುವಾಗ ನೋಡಿದ್ದೇನೆ: ನಾನು ಅತ್ತ ಮೇಲೆ, ಆ ಕೊನೆಯ ಹೆಜ್ಜೆಗೆ ಬಂದಾಗ ದನಿ ತಗ್ಗುತ್ತಿತ್ತು, ಕೈ ನನ್ನ ಬೆನ್ನಿನ ಮೇಲೆ ಬರುತ್ತಿತ್ತು. ಬಿದ್ದ ಎನ್ನುವುದನ್ನು ಅವಸರವಾಗಿ ಹೇಳುತ್ತಿರಲಿಲ್ಲ. ಕೇಳುವವರ ಅಳು ಕೊನೆಯನ್ನು ಬದಲಿಸಲಿಲ್ಲ, ಹೇಳುವ ಬಾಯನ್ನು ಬದಲಿಸಿತು.

ಇದನ್ನೇ ಅವಳಿಗೆ ಹೇಳಿದೆ. ಆಕೆಯ ಮಾತು ಅಪ್ಪಣೆಯಲ್ಲ, ಬಿನ್ನಹ. ಬಿನ್ನಹವನ್ನು ನಡೆಸಿಕೊಡಲೇಬೇಕೆಂದಿಲ್ಲ. ಕೇಳಿಸಿಕೊಂಡೆ ಎಂಬುದು ಮಾತ್ರ ಬರೆದುದರಲ್ಲಿ ಗೊತ್ತಾಗಬೇಕು. ಬಿದ್ದವನನ್ನು ಬರೆಯುವಾಗ ಆಕೆ ಎದುರು ಕೂತಿದ್ದಾಳೆ ಎಂದುಕೊಂಡು ಬರಿ.

ಆಮೇಲೆ ಅಜ್ಜಿಯ ವಿಷಯ ಹೇಳಿದೆ, ಕಾರ್ಡಿನ ವಿಷಯವನ್ನೂ. ಹೆಂಡತಿಗೂ ಹೇಳಿರಲಿಲ್ಲ ಅದನ್ನು. ತಮ್ಮನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊನೆಗೆ ಏನಾಯ್ತು ಅಂತ ಅಜ್ಜಿಗೆ ಹೇಳಿದ್ರಾ?” ಅಂದಳು.

ಇಲ್ಲ. ಚಿಪ್ಪು ಒಡೆಯುವ ಕೆಲಸ ಮುಗಿದು ಅವರೆಲ್ಲ ಹೊರಟುಹೋದರು. ಕತೆ ಇನ್ನೂ ನಡೆಯುತ್ತಿತ್ತು. ಮುಂದಿನ ವರ್ಷ ಅಟ್ಟ ಇಳಿಸಿದಾಗ ಬೇರೆಯವರು ಬಂದರು. ಆದರೆ ಆ ವರ್ಷ ಹೋಗುವ ಹಿಂದಿನ ದಿನ, ಮುಂದಿನ ಚಂದಮಾಮ ಬರಲು ತಡವಾದಾಗ, ಅಜ್ಜಿ ತಾವೇ ಒಂದು ಕೊನೆ ಕಟ್ಟಿ ನನಗೆ ಹೇಳಿದ್ದರು, ಚಿಪ್ಪು ಒಡೆಯುತ್ತಲೇ.

“ಅದು ನೆನಪಿದೆಯಾ?”

ನೆನಪಿತ್ತು. ಅವಳು ಫೋನನ್ನು ಬೋರಲಾಗಿ ಇಟ್ಟು ಹತ್ತಿರ ಬಂದು ಕೂತಳು. ಖಡ್ಗವರ್ಮನೂ ಜೀವದತ್ತನೂ ಕಾಡು ದಾಟಿ ಒಂದು ತೆಂಗಿನ ತೋಟಕ್ಕೆ ಬಂದದ್ದು, ಅಲ್ಲಿ ಒಬ್ಬ ಮುದುಕಿ ಅವರಿಗೆ ಎಳನೀರು ಕೊಟ್ಟದ್ದು, ಎಲ್ಲವನ್ನೂ ಅಜ್ಜಿಯ ಮಾತಿನಲ್ಲೇ ಹೇಳುತ್ತ ಹೋದೆ.