ರೈಲಿಲ್ಲದ ಊರಿಗೆ ರೈಲಿನ ಸದ್ದು

ಕನಕಪುರದ ಕಡೆಯ ಮರಳವಾಡಿಯ ಮಗು ರೈಲು ನೋಡಬೇಕೆಂದರೆ ದೊಡ್ಡವರು ಬಸ್ಸು ಹತ್ತಿಸಿಕೊಂಡು ಬಿಡದಿಗೋ ರಾಮನಗರಕ್ಕೋ ಕರೆದೊಯ್ಯಬೇಕು. ಬೆಂಗಳೂರಿನಿಂದ ಮೈಸೂರಿನವರೆಗೆ 1882ರ ಹೊತ್ತಿಗೇ ಹಳಿ ಬಿತ್ತು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ ಮೇಲೆ ಚಾಮರಾಜನಗರಕ್ಕೆ ಹೋಗುವ 142 ಕಿ.ಮೀ. ಮಾರ್ಗ 1996-97ರಲ್ಲಿ ಮಂಜೂರಾದರೂ ಇನ್ನೂ ಕೈಗೂಡಿಲ್ಲ. ರಾಮನಗರ ದಾಟಿದ ಅರ್ಕಾವತಿ ಕನಕಪುರಕ್ಕೆ ಬರುತ್ತಾಳೆ, ರೈಲು ಬರುವುದಿಲ್ಲ. ಚನ್ನಪಟ್ಟಣದ ಮರದ ರೈಲಿಗೆ ದಾರ ಕಟ್ಟಿ ಅಂಗಳದಲ್ಲಿ ಎಳೆದಾಡುವ ಮಗುವಿಗೆ ನಿಜವಾದ ರೈಲನ್ನು ಮನೆಯಿಂದಲೇ ತೋರಿಸಲು ಈಗ ದಾರಿಯಿದೆ.

ಹಳಿಯ ಪಕ್ಕ ಕ್ಯಾಮೆರಾ ಇಟ್ಟು ಹಗಲೂ ರಾತ್ರಿ ನೇರಪ್ರಸಾರ ಮಾಡುವುದು ಹಲವು ದೇಶಗಳಲ್ಲಿ ರೂಢಿಯಾಗಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಫೋಕ್‌ಸ್ಟನ್ ಎಂಬ ಸಣ್ಣ ಊರು ರೈಲು ನೋಡುವವರಿಗೆಂದೇ ಕಟ್ಟೆ ಕಟ್ಟಿಸಿದೆ. ಚಾಲಕರ ರೇಡಿಯೋ ಮಾತು ಅಲ್ಲಿ ಧ್ವನಿವರ್ಧಕದಲ್ಲಿ ಕೇಳಿಸುತ್ತದೆ. ನಮ್ಮ ಬೆಂಗಳೂರಿನವರೇ ರೂಪಿಸಿದ, 2018ರಲ್ಲಿ ಗೂಗಲ್ ಕೊಂಡುಕೊಂಡ ‘ವೇರ್ ಈಸ್ ಮೈ ಟ್ರೈನ್’ ಆ್ಯಪ್ ಮೊಬೈಲ್ ಗೋಪುರಗಳ ಸುಳಿವಿನಿಂದ ರೈಲು ಎಲ್ಲಿದೆ ಎಂದು ಹೇಳುತ್ತದೆ. ಪ್ರಯಾಣಿಕನಿಗೆ ಅಷ್ಟು ಸಾಕು. ಮಗುವಿಗೆ ಬೇಕಾದದ್ದು ಎಂಜಿನ್ನಿನ ಮುಖ, ಹಾರ್ನಿನ ಸದ್ದು.

ಹಾಗಾದರೆ ನಮ್ಮಲ್ಲೂ ಇಂಥ ನೇರಪ್ರಸಾರಕ್ಕೆ ಏನೇನು ಬೇಕು? ಮೊದಲು ಜಾಗ. ರೈಲ್ವೆ ನೆಲದಲ್ಲಿ ಅನುಮತಿಯಿಲ್ಲದೆ ಏನನ್ನೂ ನಿಲ್ಲಿಸುವಂತಿಲ್ಲ. ಹಳಿಯ ಮೇಲೆ ಅಕ್ರಮವಾಗಿ ಕಾಲಿಟ್ಟರೂ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ ಆಗಬಹುದು. ಆದ್ದರಿಂದ ಹಳಿ ಕಾಣುವ ಸ್ವಂತ ತಾರಸಿಯೇ ಸರಿ. ಹಳಿಯ ದಕ್ಷಿಣಕ್ಕಿರುವ ಮನೆಯಾದರೆ ಇನ್ನೂ ಒಳ್ಳೆಯದು, ವರ್ಷದ ಬಹುಪಾಲು ಬಿಸಿಲು ಕ್ಯಾಮೆರಾದ ಬೆನ್ನಿಗಿದ್ದು ರೈಲಿನ ಮೈಮೇಲೆ ಬೀಳುತ್ತದೆ. ರಾತ್ರಿ ಎಂಜಿನ್ನಿನ ದೀಪ ನೇರ ಕಣ್ಣಿಗೆ ಹೊಡೆಯದಂತೆ ಕ್ಯಾಮೆರಾವನ್ನು ಓರೆಯಾಗಿ ತಿರುಗಿಸಬೇಕು. ಅಕ್ಕಪಕ್ಕದ ಮನೆಯ ಕಿಟಕಿ, ಬಟ್ಟೆ ಒಣಹಾಕುವ ಜಾಗ ಚೌಕಟ್ಟಿನೊಳಗೆ ಬರಲೇಬಾರದು.

ಮೈಕಿಗೆ ಗಾಳಿ ತಡೆಯುವ ಸ್ಪಂಜಿನ ಟೋಪಿ ಬೇಕು, ಇಲ್ಲದಿದ್ದರೆ ಗಾಳಿಯ ಗುರ್ ಸದ್ದೇ ಕೇಳುತ್ತದೆ. ಬೀದಿಯ ಮಾತುಕತೆ ಪ್ರಸಾರವಾಗದಷ್ಟು ಎತ್ತರದಲ್ಲಿಡಬೇಕು. ಸೆಕೆಂಡಿಗೆ 5 ಮೆಗಾಬಿಟ್ ಲೆಕ್ಕದಲ್ಲಿ ದಿನಪೂರ್ತಿ ಕಳಿಸಿದರೆ 50 ಜಿಬಿ ಮೀರುತ್ತದೆ. ಮೊಬೈಲ್ ಡೇಟಾ ಏತಕ್ಕೂ ಸಾಲದು, ಫೈಬರ್ ಸಂಪರ್ಕವೇ ಆಗಬೇಕು. ಕರೆಂಟು ಹೋದಾಗ ಕ್ಯಾಮೆರಾ, ರೌಟರ್ ಎರಡಕ್ಕೂ ಯುಪಿಎಸ್ ಇರಲಿ.

ರೇಡಿಯೋ ವಿಷಯದಲ್ಲಿ ಮಾತ್ರ ಅಮೆರಿಕದ ದಾರಿ ನಮಗಲ್ಲ. ಲೋಕೊ ಪೈಲಟ್ ಮತ್ತು ಗಾರ್ಡ್ (2022ರಿಂದ ಅವರ ಹೆಸರು ಟ್ರೈನ್ ಮ್ಯಾನೇಜರ್) ವಾಕಿಟಾಕಿಯಲ್ಲಿ ಆಡುವ ಮಾತು ಸುರಕ್ಷತೆಗೆ ಸಂಬಂಧಪಟ್ಟದ್ದು. ಪರವಾನಗಿಯಿಲ್ಲದೆ ಅದನ್ನು ಹಿಡಿದು ಊರಿಗೆಲ್ಲ ಕೇಳಿಸುವುದು ತಪ್ಪು, ಆ ಆಸೆಯನ್ನು ಬಿಡುವುದೇ ಲೇಸು. ಹಳಿಯ ಗಡಗಡ, ಹಾರ್ನು, ನಿಲ್ದಾಣದ ಹತ್ತಿರವಾದರೆ ಗಾಳಿಯಲ್ಲಿ ತೇಲಿಬರುವ ಕನ್ನಡದ ಪ್ರಕಟಣೆ, ಇವೇ ನಮ್ಮ ರೇಡಿಯೋ. ಜೊತೆಗೆ ಯಾವ ರೈಲು ಎಲ್ಲಿಂದ ಎಲ್ಲಿಗೆ ಎಂದು ಪರದೆಯ ಕೆಳಗೆ ಕನ್ನಡದಲ್ಲಿ ಬರೆದರೆ ಮಗು ಭೂಗೋಳವನ್ನೂ ಕಲಿಯುತ್ತದೆ. ಚೆನ್ನೈ–ಮೈಸೂರು ವಂದೇ ಭಾರತ್ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿದುಹೋದರೂ ಎರಡು ಊರುಗಳ ಹೆಸರು ನೆನಪಿನಲ್ಲಿ ಉಳಿಯುತ್ತದೆ.

ರಾಮನಗರ, ಚನ್ನಪಟ್ಟಣದಲ್ಲಿ ಹಳಿ ಕಾಣುವ ತಾರಸಿ ಇರುವವರು ಹತ್ತಿರದ ಕಾಲೇಜಿನ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಈ ಕೆಲಸಕ್ಕೆ ಕೈಹಾಕಲಿ. ಮರಳವಾಡಿ ಕಡೆಯ ಶಾಲೆಗಳ ಮೇಷ್ಟ್ರುಗಳು ವಾರಕ್ಕೊಮ್ಮೆ ಅದನ್ನು ಮಕ್ಕಳಿಗೆ ತೋರಿಸಲಿ. ನೈಋತ್ಯ ರೈಲ್ವೆಯವರು ಒಂದೆರಡು ನಿಲ್ದಾಣಗಳಲ್ಲಿ ತಾವೇ ಇಂಥ ಕ್ಯಾಮೆರಾ ಹಾಕಿಸಿ, ಕನಕಪುರದ ಹಳಿಯನ್ನೂ ಬೇಗ ಹಾಕಿಸಿಕೊಡಲಿ.