ಬಿಟ್ಟಿ ಕೊಟ್ಟವರ ಹೊಣೆ

2017ರ ಡಿಸೆಂಬರಿನಲ್ಲಿ ಉಬುಂಟು 17.10ರ ಡೌನ್‌ಲೋಡನ್ನು ಹಿಂತೆಗೆದುಕೊಂಡರು. ಅದರ ಕರ್ನೆಲ್‌ನಲ್ಲಿದ್ದ ಇಂಟೆಲ್ ಎಸ್‌ಪಿಐ ಡ್ರೈವರ್, ಹಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಇರುವ ಚಿಪ್ಪಿಗೇ ಬೀಗ ಜಡಿದಂತೆ ಮಾಡಿತ್ತು. ಸೆಟ್ಟಿಂಗ್ ಬದಲಿಸಿದರೆ ಉಳಿಯದು. ಕೆಲವದರಲ್ಲಿ ಯುಎಸ್‌ಬಿಯಿಂದ ಬೂಟ್ ಕೂಡ ಆಗದು. ಉಬುಂಟು ಅಳಿಸಿದರೂ ತೊಂದರೆ ಹೋಗುತ್ತಿರಲಿಲ್ಲ.

ಈ ಚಿಪ್ಪಿನ ಮೇಲೆ ತಪ್ಪಾಗಿ ಬರೆದರೆ ಯಂತ್ರ ಬೂಟ್ ಆಗದೇ ಹೋಗಬಹುದು, ಗೊತ್ತಿಲ್ಲದವರು ಸೇರಿಸಬೇಡಿ ಎಂಬ ಎಚ್ಚರಿಕೆ ಡ್ರೈವರಿನ ವಿವರಣೆಯಲ್ಲೇ ಇತ್ತು. ಅದು ಕಾಣುವುದು ಕರ್ನೆಲ್ ಕಟ್ಟುವವರಿಗೆ. ಮಾಗಡಿಯಲ್ಲಿ ಕೂತು ಇನ್‌ಸ್ಟಾಲ್ ಮಾಡುವ ವಿದ್ಯಾರ್ಥಿನಿಗೆ, ಮನೆಯಲ್ಲಿ ಇರುವುದೇ ಒಂದು ಲ್ಯಾಪ್‌ಟಾಪ್ ಆದರೂ, ಕಾಣುವುದು ಒಂದು ಗುಂಡಿ ಮಾತ್ರ.

ಪುಕ್ಕಟೆ ಕೊಟ್ಟದ್ದು, ವಾರಂಟಿ ಇಲ್ಲವೆಂದು ಪರವಾನಗಿಯಲ್ಲೇ ಬರೆದಿದೆಯಲ್ಲ ಎನ್ನುತ್ತಾರೆ. ನಾನೂ ಮುಕ್ತ ತಂತ್ರಾಂಶದ ಪಕ್ಷಪಾತಿಯೇ. ಆದರೂ ಈ ವಾದ ಕೋರ್ಟಿಗೆ ಸಾಕು, ನನಗೆ ಸಾಲದು. ಚನ್ನಪಟ್ಟಣದ ಬೊಂಬೆಯನ್ನು ಮಗು ಬಾಯಿಗಿಡುತ್ತದೆ. ಅರಗಿಗೆ ಯಾವ ಬಣ್ಣ ಬೆರೆತಿದೆಯೆಂದು ಗೊತ್ತಿರುವುದು ಲೇತ್ ಮುಂದೆ ಕೂತವರಿಗೆ. ಬೊಂಬೆಯನ್ನು ಸುಮ್ಮನೆ ಕೊಟ್ಟರೆ ಆ ಬಣ್ಣಕ್ಕೆ ಅವರು ಉತ್ತರ ಹೇಳಬೇಕಿಲ್ಲವೇ?

ಪರವಾನಗಿ ಕೇಳದಿದ್ದರೂ ಉಬುಂಟುವಿನವರು ಡ್ರೈವರನ್ನು ತೆಗೆದು 2018ರ ಜನವರಿಯಲ್ಲಿ 17.10.1 ಬಿಟ್ಟರು, ಬೀಗ ಬಿದ್ದ ಚಿಪ್ಪು ತೆರೆಯುವ ಕರ್ನೆಲನ್ನೂ ಕೊಟ್ಟರು.