ಎಣ್ಣೆ ಎಲ್ಲಿಗೆ ಹೋಯ್ತು?

ಮೀನಿನ ಹಡಗುಗಳಲ್ಲಿ ಸರಕು ಹೆಪ್ಪುಗಟ್ಟಿಸುವ ಅಮೋನಿಯಾ ಯಂತ್ರ ಇರುತ್ತಲ್ಲ, ಅದರ ಕಂಪ್ರೆಸರಿನಲ್ಲಿ ಎಣ್ಣೆ ಇಳಿದರೆ ನಾವು ‘ಎಣ್ಣೆ ಖರ್ಚಾಯ್ತು’ ಅಂತೀವಿ. ಆ ಮಾತೇ ತಪ್ಪು. ಹೊರಗೆ ಸೋರದಿದ್ದರೆ ಅದು ಒಳಗೇ ಎಲ್ಲೋ ಇದೆ. ಫ್ರಿಯಾನ್ ಆದ್ರೆ ಎಣ್ಣೆಯನ್ನು ಕರಗಿಸಿಕೊಂಡು ವಾಪಸ್ ತರುತ್ತೆ. ಅಮೋನಿಯಾಗೂ ಮಾಮೂಲಿ ಖನಿಜ ಎಣ್ಣೆಗೂ ಹೊಂದಿಕೆಯಿಲ್ಲ. ಸೆಪರೇಟರ್ ದಾಟಿದ ಎಣ್ಣೆ ದ್ರವ ಅಮೋನಿಯಾಕ್ಕಿಂತ ಭಾರ. ಇವಾಪರೇಟರಿನ ತಳದಲ್ಲಿ ಕೂತುಬಿಡುತ್ತೆ.

ನಾನು ಕಂಡ ರೂಢಿ ಹೀಗೆ: ಗಾಜಿನ ಕಿಂಡಿಯಲ್ಲಿ ಮಟ್ಟ ಇಳೀತಾ? ಸುರಿ. ಲಾಗ್‌ಬುಕ್ಕಲ್ಲಿ ಬರಿ. ನಾಳೆ ಮತ್ತೆ ಸುರಿ. ಬರೆದ ಒಂದೊಂದು ಸಾಲೂ ನಿಜ, ಹಾಗಾದ್ರೆ ಸುಳ್ಳೆಲ್ಲಿದೆ ಅಂತ ವಾದಿಸಿದವರೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಸುರಿದದ್ದನ್ನು ಬರೆದು, ತಳದಿಂದ ಎಷ್ಟು ತೆಗೆದೆವು ಅನ್ನೋದನ್ನೇ ಕೇಳದ ಪುಸ್ತಕ ಅರ್ಧ ಲೆಕ್ಕದ್ದು. ಸೆಪರೇಟರಿನ ಫ್ಲೋಟ್ ಅಂಟಿಕೊಂಡಿದೆಯಾ, ಪಿಸ್ಟನ್ ರಿಂಗ್ ಸವೆದಿದೆಯಾ ನೋಡೋಕೆ ಯಂತ್ರ ನಿಲ್ಲಿಸಬೇಕು. ಹಡಗಿನ ತುಂಬ ಮೀನಿರುವಾಗ ನಿಲ್ಲಿಸೋಣ ಅನ್ನೋಕೆ ಬಾಯಿ ಬರಲ್ಲ, ಅದೂ ಸರಿಯೇ.

ಆದರೆ ಒಪ್ಪಂದ ಮುಗಿಸಿ ಊರಿಗೆ ಹೋದವನ ಜಾಗಕ್ಕೆ ಬಂದ ಹುಡುಗ ಒಂದು ದಿನ ಆ ತಳದ ವಾಲ್ವ್ ತೆರೆಯಲೇಬೇಕು. ಮೊದಲು ಎಣ್ಣೆ ಬರುತ್ತೆ, ತಣ್ಣಗೆ, ಮಂದವಾಗಿ. ಅದು ಮುಗಿದದ್ದೇ ತಡ, ಮೈನಸ್ 33 ಡಿಗ್ರಿಯಲ್ಲೇ ಕುದಿಯೋ ಅಮೋನಿಯಾ ನುಗ್ಗುತ್ತೆ. ಕಣ್ಣು, ಶ್ವಾಸಕೋಶ ಎರಡನ್ನೂ ಸುಡುತ್ತೆ. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳೋ ಸ್ಪ್ರಿಂಗ್ ವಾಲ್ವ್ ಇಡೋದು ಅದಕ್ಕೇ. ತಳದಲ್ಲಿ ಎಷ್ಟು ಎಣ್ಣೆ ಇದೆ ಅಂತ ಅವನಿಗೆ ಯಾರೂ ಹೇಳಿರಲ್ಲ.